ಅಮೂರ್ತ ಚಿತ್ರಕಲೆ ಮತ್ತು ಚಿತ್ರಕಾರನ ಮಾತು

1

ಕವಿಯ ಕಾವ್ಯವೂ ಆ ಕಾವ್ಯವನ್ನು ಕುರಿತು ಅವನಾಡುವ ಮಾತೂ ಒಂದೇ ದ್ರವ್ಯದಿಂದ ಆದವು. ಎರಡಕ್ಕೂ ಭಾಷೆಯೇ ಉಪಾದಾನ. ಆದುದರಿಂದ ಕವಿಯಾದವನು ತನ್ನ ಕೃತಿಯನ್ನು ಕುರಿತು ನಾಲ್ಕು ಪುಟ ಬರೆದರೆ ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಚಿತ್ರಕಾರನ ಪಾಡು ಬೇರೆ. ಅವನ ಕೃತಿ ಬಣ್ಣದಲ್ಲಿ ಆದುದು, ಅವನ ವಿವರಣೆ ಶಬ್ದದಲ್ಲಿ ಆಗಬೇಕಾದುದು. ಒಂದು ದ್ರವ್ಯದಿಂದ ಇನ್ನೊಂದಕ್ಕೆ ದಾಟುವಾಗ ಏನಾದರೂ ಸೋರಿಹೋಗದೆ ಇರದು. ಚಿತ್ರದಲ್ಲಿ ಮರವೋ ಮನೆಯೋ ಮನುಷ್ಯನೋ ಇದ್ದರೆ ಮಾತಿಗೆ ಅಷ್ಟರಮಟ್ಟಿಗೆ ಒಂದು ಆಸರೆಯುಂಟು. ಆ ಆಸರೆಯನ್ನೂ ತೊರೆದು, ಬಣ್ಣ ರೇಖೆ ಅವಕಾಶಗಳನ್ನಷ್ಟೇ ಉಳಿಸಿಕೊಂಡ ಚಿತ್ರಕಾರನು ಏನನ್ನು ಕುರಿತು ಮಾತಾಡಬೇಕು?

ಆದರೂ ಅವನು ಮಾತಾಡಿದ್ದಾನೆ. ಮಿಕ್ಕ ಚಿತ್ರಕಾರರಿಗಿಂತ ಹೆಚ್ಚಾಗಿಯೇ ಮಾತಾಡಿದ್ದಾನೆ. ಯೂರೋಪಿನಲ್ಲಿ ಈ ಪಂಥ ಹುಟ್ಟಿದುದೇ ಗ್ರಂಥಗಳನ್ನು ಕೈಯಲ್ಲಿ ಹಿಡಿದುಕೊಂಡು. ಕಲೆಯ ಆಧ್ಯಾತ್ಮಿಕ ಮುಖವನ್ನು ಕುರಿತ ಕ್ಯಾಂಡಿನ್‌ಸ್ಕಿಯ ಪುಸ್ತಕ 1911ರ ಕೊನೆಯಲ್ಲಿ ಹೊರಬಂದಿತು. ಮೊಂಡ್ರಿಯಾನನು ಥಿಯೊಸಾಫಿಕಲ್ ಸೊಸೈಟಿಯ ಸದಸ್ಯನಾಗಿದ್ದವನು. ತನ್ನ ಚೌಕಗಳಿಗೆ ಒಂದು ತತ್ತ್ವಶಾಸ್ತ್ರವನ್ನೇ ಬರೆದುಕೊಟ್ಟವನು. ಪಾಲ್ ಕ್ಲೇ ತನ್ನ ಬೌಹೌಸ್ ಪಾಠಗಳಲ್ಲಿ ಬಿಂದುವಿನಿಂದ ರೇಖೆ, ರೇಖೆಯಿಂದ ತಲ ಹುಟ್ಟುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಸಾವಧಾನವಾಗಿ ಬಿಡಿಸಿ ತೋರಿಸಿದನು. ವಸ್ತುವನ್ನು ಬಿಟ್ಟವರು ಮಾತನ್ನು ಬಿಡಲಿಲ್ಲ. ವಸ್ತು ತೆರವು ಮಾಡಿದ ಎಡೆಯಲ್ಲಿ ಮಾತೇ ಬಂದು ಕುಳಿತಂತಾಯಿತು.

ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಬಾಗಿಲು ತೆರೆದಂದಿನಿಂದ ಅಲ್ಲಿ ಅಮೂರ್ತ ಚಿತ್ರಗಳ ಮುಂದೆ ನಿಂತ ಸಾಮಾನ್ಯ ಪ್ರೇಕ್ಷಕನು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಇದರ ಅರ್ಥವೇನು? ಭಾರತೀಯ ಚಿತ್ರಕಾರರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದರೆ ಅವು ಮೂರು ಬಗೆಯವಾಗಿ ಕಾಣುತ್ತವೆ. ಮೊದಲನೆಯದು ನಿರಾಕರಣೆಯ ಮಾತು: ತನಗೆ ಹಚ್ಚಿದ ಹೆಸರನ್ನು ಚಿತ್ರಕಾರನು ಒಲ್ಲೆನೆನ್ನುವುದು. ಎರಡನೆಯದು ದರ್ಶನದ ಮಾತು: ಶೂನ್ಯ, ಬಿಂದು, ಮೌನ, ಅನಂತ ಮೊದಲಾದ ಪದಗಳಿಂದ ತನ್ನ ಕೃತಿಗೆ ಮೂಲವನ್ನು ಹೇಳುವುದು. ಮೂರನೆಯದು ಕೆಲಸದ ಮಾತು: ಬಣ್ಣ ಹೇಗೆ ಒಣಗಿತು, ಗೆರೆ ಎಲ್ಲಿ ನಿಂತಿತು, ಯಾವುದನ್ನು ಒರೆಸಿ ತೆಗೆಯಬೇಕಾಯಿತು ಎಂಬುದನ್ನು ಹೇಳುವುದು. ಅಚ್ಚಿನಲ್ಲಿ ಹೆಚ್ಚಾಗಿ ಕಾಣಸಿಗುವುದು ಎರಡನೆಯದು. ಅತಿ ವಿರಳವಾದುದು ಮೂರನೆಯದು. ಆದರೆ ವಿಮರ್ಶಕನು ಕಿವಿಗೊಡಬೇಕಾದುದು ಆ ಮೂರನೆಯದಕ್ಕೆ. ಮಿಕ್ಕೆರಡರಲ್ಲಿ ಏನಾದರೂ ಸತ್ಯವಿದ್ದರೆ ಅದು ಇದರಿಂದಲೇ ಬಂದುದು ಎಂಬುದನ್ನು ಕೆಲವರು ಚಿತ್ರಕಾರರ ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

2

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ, ಮರಾಠಿ ಹಿಂದಿಗಳಲ್ಲಿ ಸಹ, ಈ ಬಗೆಯ ಚಿತ್ರಕ್ಕೆ ‘ಅಮೂರ್ತ’ವೆಂಬ ಪದ ರೂಢಿಗೆ ಬಂದಿದೆ. ಇಂಗ್ಲಿಷಿನ ‘ಆಬ್‌ಸ್ಟ್ರಾಕ್ಟ್’ ಎಂಬುದಕ್ಕೆ ಇದು ಸಾಟಿಯೆಂದು ನಾವು ತಿಳಿದಿದ್ದೇವೆ. ಆದರೆ ಎರಡು ಪದಗಳ ಬೇರುಗಳು ಒಂದೇ ಅಲ್ಲ. ಲ್ಯಾಟಿನಿನಿಂದ ಬಂದ ಆ ಪದದ ಮೂಲಾರ್ಥ ಸೆಳೆದು ತೆಗೆದದ್ದು ಎಂದು. ಕಬ್ಬಿನಿಂದ ರಸವನ್ನು ತೆಗೆಯುವಂತೆ ಕಂಡ ವಸ್ತುವಿನಿಂದ ಅದರ ಸಾರವನ್ನು ಬೇರ್ಪಡಿಸುವ ಕ್ರಿಯೆ ಅಲ್ಲಿದೆ. ನಮ್ಮ ‘ಅಮೂರ್ತ’ದಲ್ಲಿ ಕ್ರಿಯೆಯೇ ಇಲ್ಲ, ಮೂರ್ತಿಯಿಲ್ಲದ್ದು, ಘನರೂಪವಿಲ್ಲದ್ದು, ಇಂದ್ರಿಯಕ್ಕೆ ಸಿಕ್ಕದ್ದು ಎಂಬ ಅಭಾವದ ಸೂಚನೆ ಮಾತ್ರ ಇದೆ. ಆತ್ಮ ಅಮೂರ್ತ, ಕಾಲ ಅಮೂರ್ತ ಎಂದರೆ ಒಪ್ಪತಕ್ಕದ್ದೇ. ಆದರೆ ಗೋಡೆಯ ಮೇಲೆ ನಾಲ್ಕು ಮೊಳೆಗಳ ಆಧಾರದಲ್ಲಿ ತೂಗುತ್ತಿರುವ, ತೂಕವೂ ವಾಸನೆಯೂ ಉಳ್ಳ, ಕೈಯಿಟ್ಟರೆ ಒರಟೋ ನುಣುಪೋ ಎಂದು ತಿಳಿಯುವ ಎಣ್ಣೆಬಣ್ಣದ ಬಟ್ಟೆ ಅಮೂರ್ತವಾಗುವುದು ಹೇಗೆ? ಲೋಕದ ಯಾವ ಮರದ ಚಿತ್ರವೂ ಅಲ್ಲವೆಂಬ ಕಾರಣದಿಂದ ಅದು ತಾನೇ ಒಂದು ವಸ್ತುವಾಗಿ ಇನ್ನಷ್ಟು ಮೂರ್ತವಾಗುತ್ತದೆಯೇ ಹೊರತು ಕಡಿಮೆಯಲ್ಲ.

ಚಿತ್ರಕಾರರಿಗೆ ಈ ಹೆಸರಿನ ಮೇಲಿರುವ ಅಸಮಾಧಾನ ಹಟಮಾರಿತನವಲ್ಲ. ವಾಸುದೇವ ಗಾಯತೊಂಡೆಯವರು ತಮ್ಮ ಚಿತ್ರಗಳನ್ನು ಆಬ್‌ಸ್ಟ್ರಾಕ್ಟ್ ಎಂದು ಕರೆಯುವುದನ್ನು ಒಪ್ಪುತ್ತಿರಲಿಲ್ಲ. ‘ನಾನ್ ಆಬ್ಜೆಕ್ಟಿವ್’ ಎಂಬ ಮಾತನ್ನು ಬಳಸುತ್ತಿದ್ದರು. ತಾವು ಯಾವ ವಸ್ತುವಿನಿಂದಲೂ ಸಾರ ತೆಗೆಯಲು ಹೊರಟಿಲ್ಲ, ವಸ್ತುವಿನ ಹಂಗೇ ಇಲ್ಲದೆ ಆರಂಭಿಸಿದ್ದೇವೆ ಎಂಬುದು ಅದರ ತಾತ್ಪರ್ಯ. ‘ವಸ್ತುನಿರಪೇಕ್ಷ’ವೆಂದರೆ ಕನ್ನಡದಲ್ಲಿ ಅದಕ್ಕೆ ಸಮೀಪ ಬರುತ್ತದೆ. ಅಮೆರಿಕದ ಮಾರ್ಕ್ ರೋಥ್ಕೊ ತಾನು ಅಮೂರ್ತ ಕಲಾವಿದನೇ ಅಲ್ಲ, ತನಗೆ ಬೇಕಾದುದು ಮಾನವನ ಮೂಲಭಾವಗಳು ಎಂದು ಸಾಧಿಸುತ್ತಿದ್ದನು. ಅಕ್ಬರ್ ಪದಮ್‌ಸಿಯವರು 1970ರಿಂದ ಬರೆಯತೊಡಗಿದ ಚಿತ್ರಗಳಲ್ಲಿ ಬೆಟ್ಟ, ನೀರು, ಸೂರ್ಯ, ಚಂದ್ರರ ಸುಳಿವಿದ್ದರೂ ಅವು ಯಾವ ಊರಿನ ನೋಟಗಳೂ ಅಲ್ಲ. ಅವನ್ನು ಅಮೂರ್ತವೆನ್ನದೆ, ಭೂದೃಶ್ಯವೆಂದೂ ಕರೆಯದೆ, ಅವರು ‘ಮೆಟಾಸ್ಕೇಪ್’ ಎಂಬ ಹೊಸ ಪದವನ್ನೇ ಕಟ್ಟಿಕೊಂಡರು. ಸೂರ್ಯಚಂದ್ರರು ಏಕಕಾಲದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾಳಿದಾಸನ ಶಾಕುಂತಲದ ನಾಂದಿಪದ್ಯವನ್ನು ಅವರು ಆಧಾರವಾಗಿ ಹೇಳುತ್ತಿದ್ದರು. ಕಾಲವನ್ನು ವಿಧಿಸುವ ಆ ಎರಡು ಜ್ಯೋತಿಗಳ ಕಲ್ಪನೆ ಸಂಸ್ಕೃತವನ್ನು ಬಲ್ಲ ಆ ಚಿತ್ರಕಾರರನ್ನು ಹಿಡಿದಿತ್ತು.

ನಿರಾಕರಣೆಯ ಈ ಮಾತುಗಳಿಂದ ತಿಳಿಯುವುದು ಇಷ್ಟು. ಹೆಸರು ಪ್ರೇಕ್ಷಕನ ಅನುಕೂಲಕ್ಕಾಗಿ ಇಟ್ಟದ್ದು. ಇದರಲ್ಲಿ ಮರವಿಲ್ಲ, ಮನುಷ್ಯನಿಲ್ಲ ಎಂದು ಅವನು ತನಗೆ ಸಿಗದಿದ್ದುದರ ಪಟ್ಟಿ ಮಾಡುತ್ತಾನೆ. ಚಿತ್ರಕಾರನಾದರೋ ಇರುವುದರ ಲೆಕ್ಕವನ್ನು ಇಡುತ್ತಾನೆ. ಇಲ್ಲದ್ದರ ಲೆಕ್ಕದಿಂದ ಇರುವುದನ್ನು ಹೆಸರಿಸಹೊರಟರೆ ಜಗಳ ತಪ್ಪಿದ್ದಲ್ಲ.

3

ಗಾಯತೊಂಡೆಯವರು (1924–2001) ಹುಟ್ಟಿದ್ದು ನಾಗಪುರದಲ್ಲಿ, ಮನೆತನ ಗೋವೆಯದು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ 1948ರಲ್ಲಿ ಡಿಪ್ಲೊಮಾ ಪಡೆದರು. ವಾರ್ಡನ್ ರಸ್ತೆಯಲ್ಲಿದ್ದ ಭೂಲಾಭಾಯಿ ಮೆಮೋರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ, ಸಮುದ್ರದ ಮಗ್ಗುಲಲ್ಲಿ, ಅವರ ಕೆಲಸದ ಕೊಠಡಿಯಿತ್ತು. 1964ರಲ್ಲಿ ರಾಕ್‌ಫೆಲರ್ ಫೆಲೋಷಿಪ್ಪಿನ ಮೇಲೆ ನ್ಯೂಯಾರ್ಕಿಗೆ ಹೋಗಿಬಂದರು. ಮುಂದೆ ಎಪ್ಪತ್ತರ ದಶಕದಲ್ಲಿ ದಿಲ್ಲಿಯಲ್ಲಿ ನೆಲೆಸಿದರು. ಅವರು ಮಿತಭಾಷಿ. ಚಿತ್ರಗಳಿಗೆ ಹೆಸರಿಡುತ್ತಿರಲಿಲ್ಲ, ಬಹುಪಾಲಿಗೆ ಸಂಖ್ಯೆ ಮಾತ್ರ ಇರುತ್ತಿತ್ತು, ಅನೇಕಕ್ಕೆ ಅದೂ ಇಲ್ಲ. ಆಡಿದ ಕೆಲವೇ ಮಾತುಗಳಲ್ಲಿ ಪದೇ ಪದೇ ಬರುವುದು ಮೌನ. ಎಲ್ಲವೂ ಮೌನದಿಂದ ಮೊದಲಾಗುತ್ತದೆ. ಕುಂಚಕ್ಕೂ ಬಟ್ಟೆಗೂ ಅಲಗಿಗೂ ಒಂದೊಂದು ಮೌನವಿದೆ, ಚಿತ್ರಕಾರನು ಅವನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತಾನೆ ಎಂಬರ್ಥದ ಅವರ ಹೇಳಿಕೆ ಬಹಳ ಪ್ರಸಿದ್ಧವಾಯಿತು. ಝೆನ್ ಪಂಥದಲ್ಲಿ ಅವರಿಗಿದ್ದ ಆಸಕ್ತಿಯೂ ಎಲ್ಲರಿಗೂ ತಿಳಿದ ಸಂಗತಿ.

ಈ ಎರಡು ಎಳೆಗಳನ್ನು ಹೊಸೆದು ವಿಮರ್ಶಕರು ಒಂದು ಹಗ್ಗ ಮಾಡಿಕೊಂಡರು. ಗಾಯತೊಂಡೆಯವರ ಚಿತ್ರವೆಂದರೆ ಧ್ಯಾನ, ಧ್ಯಾನವೆಂದರೆ ಶೂನ್ಯ, ಶೂನ್ಯವೆಂದರೆ ಮಾತಿಗೆ ನಿಲುಕದ್ದು. ಮಾತಿಗೆ ನಿಲುಕದ್ದೆಂದ ಮೇಲೆ ವಿಮರ್ಶಕನ ಕೆಲಸವೂ ಮುಗಿಯಿತು! ಆ ಹಗ್ಗವನ್ನು ಹಿಡಿದು ಚಿತ್ರದ ಬಳಿಗೆ ಬಂದವರಿಗಿಂತ ಅದರಿಂದ ದೂರ ಹೋದವರೇ ಹೆಚ್ಚು.

ಅವರ ಮೌನವನ್ನು ಕೆಲಸದ ಕಡೆಯಿಂದ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಗಾಯತೊಂಡೆಯವರು ಎಣ್ಣೆಬಣ್ಣವನ್ನು ಕುಂಚದಿಂದಲ್ಲದೆ ರೋಲರಿನಿಂದ ಹರಡುತ್ತಿದ್ದರು. ಬಣ್ಣದ ಅಲಗಿನಿಂದ ಎಳೆದು ತೆಗೆಯುತ್ತಿದ್ದರು. ಹರಿದ ಕಾಗದದ ತುಂಡುಗಳನ್ನು ಹಸಿಬಣ್ಣದ ಮೇಲೆ ಒತ್ತಿ ಎತ್ತುತ್ತಿದ್ದರು. ಒಂದು ತೆಳುವಾದ ಪದರು, ಅದರ ಮೇಲೆ ಇನ್ನೊಂದು, ಅದರಲ್ಲಿ ಒಂದಿಷ್ಟನ್ನು ತೆಗೆದು ಕೆಳಗಿನದನ್ನು ತೋರಗೊಡುವುದು, ಮತ್ತೆ ಮುಚ್ಚುವುದು. ಎಣ್ಣೆಬಣ್ಣ ಅವಸರಕ್ಕೆ ಒಗ್ಗುವ ದ್ರವ್ಯವಲ್ಲ. ಒಂದು ಪದರು ಹದಕ್ಕೆ ಬರುವವರೆಗೆ ಮುಂದಿನದಕ್ಕೆ ಕೈಹಾಕುವಂತಿಲ್ಲ. ಹದ ಮೀರಿ ಒಣಗಿದರೆ ತೆಗೆಯಲೂ ಬರುವುದಿಲ್ಲ. ಹಾಗಾಗಿ ಚಿತ್ರಕಾರನು ಕಾಯಬೇಕು. ವರ್ಷಕ್ಕೆ ಅವರು ಮುಗಿಸುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ಮಿಕ್ಕ ಹೊತ್ತೆಲ್ಲ ನೋಡುವುದರಲ್ಲಿ, ಕಾಯುವುದರಲ್ಲಿ ಕಳೆಯುತ್ತಿತ್ತು.

ಆ ಕಾಯುವಿಕೆಗೆ ಅವರು ಮೌನವೆಂದು ಹೆಸರಿಟ್ಟರೆಂದು ತಿಳಿದರೆ ತಪ್ಪಾಗಲಾರದು. ಅದು ಗುಹೆಯಲ್ಲಿ ಕುಳಿತ ಮುನಿಯ ಮೌನಕ್ಕಿಂತ ಹೊಲಕ್ಕೆ ಬೀಜ ಹಾಕಿ ಮುಗಿಲು ನೋಡುವ ಒಕ್ಕಲಿಗನ ಮೌನಕ್ಕೆ ಹತ್ತಿರವಾದುದು. ಝೆನ್ ಅವರಿಗೆ ಕೊಟ್ಟುದು ಸಿದ್ಧಾಂತವನ್ನಲ್ಲ, ಈ ಕಾಯುವಿಕೆಯನ್ನು ಸಹಿಸುವ ಧೈರ್ಯವನ್ನು. ಇದನ್ನು ಅರಿತು ಅವರ ಹಳದಿಯ ಅಥವಾ ಹಸಿರಿನ ಒಂದು ಚಿತ್ರದ ಮುಂದೆ ನಿಂತರೆ, ಮೇಲ್ನೋಟಕ್ಕೆ ಬೆಳಕಿನ ಮಂಜಿನಂತೆ ತೋರುವ ಅದು ಮೆಲ್ಲಮೆಲ್ಲನೆ ಪದರುಪದರಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಬಣ್ಣ ಕೂತಿದೆ, ಎಲ್ಲಿ ಎದ್ದುಹೋಗಿದೆ, ಎಲ್ಲಿ ಕೆಳಗಿನ ಬಣ್ಣ ಮೇಲಿನದನ್ನು ಒಳಗಿನಿಂದ ಬೆಳಗುತ್ತಿದೆ ಎಂಬುದು ಕಣ್ಣಿಗೆ ಸಿಗುತ್ತದೆ. ಅವರ ಚಿತ್ರಗಳ ದೊಡ್ಡ ಪ್ರದರ್ಶನವನ್ನು 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಏರ್ಪಡಿಸಿದಾಗ ಅದರ ಶೀರ್ಷಿಕೆಯಲ್ಲಿ ಚಿತ್ರರಚನೆಯನ್ನು ಒಂದು ಪ್ರಕ್ರಿಯೆಯೆಂದೂ ಒಂದು ಬದುಕೆಂದೂ ಕರೆದುದು ಉಚಿತವಾಗಿತ್ತು.

4

ಸೈಯದ್ ಹೈದರ್ ರಝಾ (1922–2016) ಇದಕ್ಕೆ ತದ್ವಿರುದ್ಧವಾದ ಪ್ರಕೃತಿಯವರು. 1947ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಕಲಾವಿದರ ಬಳಗದ ಸ್ಥಾಪಕರಲ್ಲಿ ಒಬ್ಬರಾಗಿ, 1950ರಲ್ಲಿ ಫ್ರಾನ್ಸಿಗೆ ತೆರಳಿ, ಆರು ದಶಕಗಳಷ್ಟು ಕಾಲ ಅಲ್ಲಿದ್ದು, 2010ರ ಕೊನೆಗೆ ದಿಲ್ಲಿಗೆ ಹಿಂದಿರುಗಿದವರು. ತಮ್ಮ ಕಲೆಯ ವಿಚಾರದಲ್ಲಿ ಅವರು ಧಾರಾಳವಾಗಿ ಮಾತಾಡಿದರು. ಬಿಂದು, ಪುರುಷ ಪ್ರಕೃತಿ, ಪಂಚತತ್ತ್ವ, ಕುಂಡಲಿನಿ ಎಂಬ ಪದಗಳು ಅವರ ಚಿತ್ರಗಳಿಗೆ ಶೀರ್ಷಿಕೆಗಳಾಗಿಯೂ ಅವರ ಸಂಭಾಷಣೆಗಳಲ್ಲಿ ಸೂತ್ರಗಳಾಗಿಯೂ ಬಂದವು. ದೇವನಾಗರಿಯ ಅಕ್ಷರಗಳು ಕ್ಯಾನ್ವಾಸಿನ ಒಳಕ್ಕೇ ಬಂದು ಕುಳಿತವು. 1981ರ ‘ಮಾ’ ಎಂಬ ಪ್ರಸಿದ್ಧ ಚಿತ್ರದಲ್ಲಿ ಹಿಂದಿ ಕವಿತೆಯ ಒಂದು ಸಾಲೇ ಇದೆ. ಪರದೇಶದಲ್ಲಿ ನೆಲೆಸಿದವನು ತಾಯಿಯ ಬಳಿಗೆ ಹಿಂದಿರುಗುವ ವಿಚಾರ ಆ ಸಾಲಿನದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದರ ನೋವು ವಿವರಿಸಿ ಹೇಳಬೇಕಾದುದಲ್ಲ.

ಬಿಂದುವಿನ ಮೂಲವನ್ನು ರಝಾ ಒಂದು ಕಥೆಯಾಗಿ ಮತ್ತೆ ಮತ್ತೆ ಹೇಳುತ್ತಿದ್ದರು. ಮಧ್ಯಪ್ರದೇಶದ ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದಾಗ ಅವರ ಮನಸ್ಸು ಒಂದೆಡೆ ನಿಲ್ಲುತ್ತಿರಲಿಲ್ಲ. ಉಪಾಧ್ಯಾಯರೊಬ್ಬರು ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು, ಹುಡುಗನನ್ನು ಅದರ ಮುಂದೆ ಕೂರಿಸಿ, ಮಿಕ್ಕದ್ದನ್ನು ಮರೆತು ಅದನ್ನೇ ನೋಡು ಎಂದರು. ದಶಕಗಳ ಅನಂತರ ಆ ಚುಕ್ಕೆಯೇ ಕ್ಯಾನ್ವಾಸಿನ ಮೇಲೆ ಕಪ್ಪು ವರ್ತುಲವಾಗಿ ಮೂಡಿತು.

ಈ ಕಥೆಯನ್ನು ತಂತ್ರಶಾಸ್ತ್ರದ ಪೀಠಿಕೆಯೆಂಬಂತೆ ಓದುವುದು ವಾಡಿಕೆ. ಆದರೆ ಕಥೆಯಲ್ಲಿ ಇರುವುದಾದರೂ ಏನು? ತಂತ್ರವಿಲ್ಲ, ಬೀಜಾಕ್ಷರವಿಲ್ಲ, ಸೃಷ್ಟಿತತ್ತ್ವವಿಲ್ಲ. ಚಂಚಲನಾದ ಒಬ್ಬ ಹುಡುಗ, ಒಂದು ಗೋಡೆ, ಒಂದು ಚುಕ್ಕೆ, ಕಣ್ಣನ್ನು ಒಂದೆಡೆ ನಿಲ್ಲಿಸುವ ಒಂದು ಅಭ್ಯಾಸ. ಆ ಮೇಷ್ಟರು ಬೋಧಿಸಿದುದು ವೇದಾಂತವನ್ನಲ್ಲ, ನೋಡುವುದನ್ನು. ಇದೂ ಕೆಲಸದ ಮಾತೇ. ರಝಾ ಅವರ ಒಳ್ಳೆಯ ಬಿಂದುಚಿತ್ರಗಳ ಸತ್ತ್ವವಿರುವುದೂ ಇಲ್ಲಿಯೇ. ಮಣ್ಣಿನ ಕೆಂಪು, ಕಾವಿ, ಕಪ್ಪುಗಳು ಆ ವರ್ತುಲದ ಸುತ್ತ ಒಂದನ್ನೊಂದು ಒತ್ತಿಕೊಂಡು ಬಂದು ಕಣ್ಣನ್ನು ನಡುವಿಗೆ ಎಳೆದು ನಿಲ್ಲಿಸುತ್ತವೆ. ಚುಕ್ಕೆಯನ್ನು ನೋಡಿದ ಹುಡುಗನ ಅನುಭವ ಪ್ರೇಕ್ಷಕನಿಗೂ ಆಗುತ್ತದೆ. ಅದಕ್ಕಾಗಿ ಅವನಿಗೆ ಸಾಂಖ್ಯದರ್ಶನ ತಿಳಿದಿರಬೇಕಾದ ಅಗತ್ಯವಿಲ್ಲ.

ಅಂತೆಯೇ ಅವರ ಸೋಲೂ ಎಲ್ಲಿದೆಯೆಂದು ಹೇಳದಿದ್ದರೆ ವಿಮರ್ಶೆಗೆ ನ್ಯಾಯವಾಗದು. ಕೊನೆಯ ವರ್ಷಗಳ ಹಲವು ಚಿತ್ರಗಳಲ್ಲಿ ಮಾತು ಮುಂದಾಗಿ ಬಣ್ಣ ಹಿಂದಾಯಿತು. ಬಿಂದುವೆಂದರೆ ಇದು, ತ್ರಿಕೋನವೆಂದರೆ ಇದು ಎಂದು ಮೊದಲೇ ನಿಶ್ಚಿತವಾದ ಮೇಲೆ ಕೈಗೆ ಹುಡುಕುವ ಕೆಲಸ ಉಳಿಯಲಿಲ್ಲ. ಚಿತ್ರ ತತ್ತ್ವದ ಪಟವಾಯಿತು. ಪಟವನ್ನು ಎಷ್ಟು ಬಾರಿ ಬೇಕಾದರೂ ತೆಗೆಯಬಹುದು. ತಾನು ಕಂಡುದಕ್ಕೆ ಚಿತ್ರಕಾರನು ಕೊಟ್ಟ ಹೆಸರು ಗಟ್ಟಿಯಾಗುತ್ತ ಹೋಗಿ ಮುಂದೆ ಕಾಣುವುದಕ್ಕೇ ಅಡ್ಡ ನಿಲ್ಲುವ ಅಪಾಯಕ್ಕೆ ರಝಾ ಅವರ ದೀರ್ಘಜೀವನ ಒಂದು ಉದಾಹರಣೆ. ಗಾಯತೊಂಡೆಯವರು ಚಿತ್ರಗಳಿಗೆ ಹೆಸರಿಡದಿದ್ದುದರ ವಿವೇಕ ಇಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ.

5

ಮೂರನೆಯ ಉದಾಹರಣೆ ನಸ್ರೀನ್ ಮೊಹಮದಿಯವರದು (1937–1990). ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ಕಲಿತು, ಭೂಲಾಭಾಯಿ ಇನ್‌ಸ್ಟಿಟ್ಯೂಟಿನಲ್ಲಿ ಗಾಯತೊಂಡೆಯವರ ಸಾಮೀಪ್ಯವನ್ನು ಪಡೆದು, 1972ರಿಂದ ಕೊನೆಯವರೆಗೆ ಬರೋಡದ ಕಲಾವಿಭಾಗದಲ್ಲಿ ಅಧ್ಯಾಪಿಕೆಯಾಗಿದ್ದರು. ಬಣ್ಣವನ್ನೂ ಕ್ಯಾನ್ವಾಸನ್ನೂ ಬಿಟ್ಟು ಕಾಗದದ ಮೇಲೆ ಸೀಸದಿಂದಲೂ ಮಸಿಯಿಂದಲೂ ನೇರವಾದ ಗೆರೆಗಳನ್ನೆಳೆಯುವುದಷ್ಟೇ ಅವರ ಪ್ರಬುದ್ಧ ಕಾಲದ ಕೃಷಿ. ವಾಸ್ತುಶಿಲ್ಪಿಗಳು ನಕ್ಷೆ ತೆಗೆಯಲು ಬಳಸುವ ಮೇಜು ಮತ್ತು ಉಪಕರಣಗಳೇ ಅವರ ಸಾಧನಗಳು. ಆ ಕೃತಿಗಳಿಗೆ ಹೆಸರಿಲ್ಲ. ಬಹಳಷ್ಟಕ್ಕೆ ತಾರೀಖೂ ಇಲ್ಲ. ಸಾರ್ವಜನಿಕವಾಗಿ ಅವರು ತಮ್ಮ ಕಲೆಯನ್ನು ವಿವರಿಸಿದುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವರ ದಿನಚರಿಗಳು ಉಳಿದುವು, ಮರಣಾನಂತರ ಪ್ರಕಟವೂ ಆದುವು.

ಆ ದಿನಚರಿಗಳಲ್ಲಿ ಎರಡು ಬಗೆಯ ಬರಹ ಒಂದರ ಪಕ್ಕದಲ್ಲಿ ಒಂದು ಕಾಣುತ್ತವೆ. ಶೂನ್ಯ, ಏಕಾಂತ, ಕನಿಷ್ಠದಿಂದ ಗರಿಷ್ಠವನ್ನು ಪಡೆಯುವ ಹಂಬಲ ಇವುಗಳ ಮಾತು ಒಂದೆಡೆ. ಸಮುದ್ರ, ಮರಳು, ನೆರಳು, ದಾರಿಯ ಗೆರೆ, ಬಿಸಿಲಿನ ಕೋನ ಇಂಥ ಕಂಡ ಸಂಗತಿಗಳ ತುಣುಕುಗಳು ಇನ್ನೊಂದೆಡೆ. ವಾಕ್ಯಗಳು ಗಿಡ್ಡ, ಕ್ರಿಯಾಪದವೇ ಇಲ್ಲದವು ಹಲವು. ಇನ್ನೂ ವಿಶೇಷವೆಂದರೆ, ಬರೆದ ಸಾಲುಗಳನ್ನೇ ಅವರು ಎಷ್ಟೋ ಕಡೆ ಮಸಿಯ ಪಟ್ಟಿಗಳಿಂದ ಮುಚ್ಚಿದ್ದಾರೆ. ಅಂಥ ಪುಟದಲ್ಲಿ ಮಾತು ಮರೆಯಾಗಿ ಅದು ಹೋದ ಜಾಗ ಅಡ್ಡಗೆರೆಗಳ ಚಿತ್ರವಾಗಿ ನಿಲ್ಲುತ್ತದೆ. ಮಾತಿಗೂ ಚಿತ್ರಕ್ಕೂ ನಡುವಿನ ಸಂಬಂಧವನ್ನು ಕುರಿತು ಅಮೂರ್ತ ಚಿತ್ರಕಾರರು ಆಡಿದ ಯಾವ ಹೇಳಿಕೆಗಿಂತಲೂ ಆ ಪುಟ ಹೆಚ್ಚು ನುಡಿಯುತ್ತದೆ.

ನಸ್ರೀನರ ಶೂನ್ಯವನ್ನು ಸೂಫಿಮತದಿಂದಲೋ ಝೆನ್‌ನಿಂದಲೋ ವಿವರಿಸುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನರಗಳಿಗೆ ಸಂಬಂಧಿಸಿದ ವ್ಯಾಧಿಯೊಂದು ಅವರ ಕೊನೆಯ ವರ್ಷಗಳಲ್ಲಿ ದೇಹದ ಮೇಲಿನ ಹಿಡಿತವನ್ನು ಕ್ರಮಕ್ರಮವಾಗಿ ಕಸಿಯುತ್ತಿತ್ತು. ಆ ವರ್ಷಗಳಲ್ಲಿಯೇ ಅವರ ಗೆರೆಗಳು ಅತ್ಯಂತ ನಿಷ್ಕೃಷ್ಟವಾದುವು. ದೇಹ ಮಾತು ಕೇಳದಿದ್ದಾಗ ಕೂದಲೆಳೆಯಂಥ ಒಂದು ಗೆರೆಯನ್ನು ಅಂಚಿನಿಂದ ಅಂಚಿಗೆ ಮುಟ್ಟಿಸುವುದು ಏನೆಂಬುದನ್ನು ಊಹಿಸಬಹುದು. ಅಲ್ಲಿ ಶೂನ್ಯವೆಂಬುದು ಗ್ರಂಥದಿಂದ ಎತ್ತಿಕೊಂಡ ಪದವಲ್ಲ. ಕಂಪನವಿಲ್ಲದ, ಹೆಚ್ಚಿನದೇನೂ ಇಲ್ಲದ, ತಪ್ಪಿಲ್ಲದ ಒಂದು ಎಡೆ ಅದು. ಪ್ರತಿದಿನವೂ ಮೇಜಿನ ಮುಂದೆ ಕುಳಿತು ಗಳಿಸಬೇಕಾದುದು. ದರ್ಶನದ ಪದವೊಂದು ಕೆಲಸದ ಬೆಲೆಯನ್ನು ಪೂರ್ತಿಯಾಗಿ ಸಲ್ಲಿಸಿದ ಮೇಲೆ ಹೇಗೆ ಸತ್ಯವಾಗುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಸಿಗಲಾರದು.

6

ಚಿತ್ರಕಾರನ ಮಾತಿಗೆ ಇಂದು ಒಂದು ಹೊಸ ಸಂದರ್ಭ ಒದಗಿದೆ, ಅದು ಪೇಟೆ. 2013ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಹರಾಜಿನಲ್ಲಿ ಗಾಯತೊಂಡೆಯವರ ಒಂದು ಚಿತ್ರ 23 ಕೋಟಿ ರೂಪಾಯಿಗೂ ಮಿಕ್ಕಿ ಹೋಯಿತು. ಮಿತಭಾಷಿಯಾದ ಚಿತ್ರಕಾರನ ಮೌನಕ್ಕೂ ಬೆಲೆ ಕಟ್ಟಿದಂತಾಯಿತು. ಹರಾಜಿನ, ಪ್ರದರ್ಶನದ ಕೆಟಲಾಗುಗಳಲ್ಲಿ ಧ್ಯಾನ, ಅನಂತ, ಪಾರಮಾರ್ಥಿಕ ಎಂಬ ಪದಗಳು ಇಂದು ಚಲಾವಣೆಯ ನಾಣ್ಯಗಳು. ಯಾವ ಚಿತ್ರಕ್ಕಾದರೂ ಸಲ್ಲುವ ಪದ ಯಾವ ಚಿತ್ರವನ್ನೂ ವಿವರಿಸಲಾರದು. ಅಪಾತ್ರವಾಗಿ ಹೆಚ್ಚಿದ ನಾಣ್ಯದಂತೆ ಅದರ ಬೆಲೆ ಇಳಿಯುತ್ತದೆ. ತರುಣ ಚಿತ್ರಕಾರನು ಪ್ರದರ್ಶನಕ್ಕೆ ಒಂದು ಪುಟದ ಹೇಳಿಕೆಯನ್ನು ಬರೆದುಕೊಡಲೇಬೇಕಾದ ಈ ಕಾಲದಲ್ಲಿ ಆ ನಾಣ್ಯಗಳು ಸುಲಭವಾಗಿ ಕೈಗೆ ಬರುತ್ತವೆ. ತಪ್ಪು ಅವನದಷ್ಟೇ ಅಲ್ಲ. ಬೇರೆ ಬಗೆಯ ಮಾತನ್ನು ಕೇಳುವವರು ವಿರಳವಾಗಿದ್ದಾರೆ.

ಬೇರೆ ಬಗೆಯ ಮಾತು ಅಸಾಧ್ಯವೇನೂ ಅಲ್ಲ. ಪ್ರಭಾಕರ ಬರ್ವೆಯವರು (1936–1995) ‘ಕೋರಾ ಕ್ಯಾನ್ವಾಸ್’ ಎಂಬ ತಮ್ಮ ಮರಾಠಿ ಗ್ರಂಥದಲ್ಲಿ ಅದನ್ನು ತೋರಿಸಿದ್ದಾರೆ. ಬರ್ವೆಯವರನ್ನು ಪೂರ್ಣವಾಗಿ ವಸ್ತುನಿರಪೇಕ್ಷರೆನ್ನಲಾಗದು. ಅವರ ಚಿತ್ರಗಳಲ್ಲಿ ಗಡಿಯಾರ, ಎಲೆ, ಶಂಖ ಮೊದಲಾದ ಸಾಮಾನ್ಯ ವಸ್ತುಗಳು ತಮ್ಮ ನಿತ್ಯದ ಸಂಬಂಧಗಳನ್ನು ಕಳಚಿಕೊಂಡು ಬರಿದಾದ ಅವಕಾಶದಲ್ಲಿ ನಿಂತಿರುತ್ತವೆ. ಕೈಮಗ್ಗದವರ ಸೇವಾಕೇಂದ್ರದಲ್ಲಿ ಉದ್ಯೋಗದಲ್ಲಿದ್ದವರು ಅವರು. ವಿನ್ಯಾಸದ ದಿನನಿತ್ಯದ ಕಷ್ಟಗಳನ್ನು ಬಲ್ಲವರು. ಬರಿಯ ಕ್ಯಾನ್ವಾಸಿನ ಮುಂದೆ ಕುಳಿತವನಿಗೆ ಮೊದಲ ಗುರುತು ಎಲ್ಲಿ ಬೀಳಬೇಕೆಂಬುದು ಹೇಗೆ ಗೊತ್ತಾಗುತ್ತದೆ, ವಸ್ತು ಯಾವಾಗ ಆಕಾರವಾಗುತ್ತದೆ, ಆಕಾರಕ್ಕೆ ಸುತ್ತಣ ಬಯಲು ಹೇಗೆ ಅರ್ಥ ಕೊಡುತ್ತದೆ ಎಂಬ ಬಗೆಯ ಪ್ರಶ್ನೆಗಳನ್ನು ಅವರು ಅವಸರವಿಲ್ಲದೆ, ತಾಯ್ನುಡಿಯಲ್ಲಿ, ಆಲೋಚಿಸಿದರು. ಪ್ರಭಾಕರ ಕೋಲ್ಟೆಯವರೂ ಮರಾಠಿಯಲ್ಲಿ ಕಲೆಯನ್ನು ಕುರಿತು ಬರೆದಿದ್ದಾರೆ. ಮುಂಬಯಿಯ ಒಂದೇ ಕಲಾಶಾಲೆಯ ಪರಿಸರದಿಂದ ಬಂದ ಚಿತ್ರಕಾರರು ತಮ್ಮ ಭಾಷೆಗೆ ಒಂದು ಕಲಾಚಿಂತನೆಯನ್ನೇ ತಂದುಕೊಟ್ಟರು.

ಕನ್ನಡದ ಸ್ಥಿತಿ ಇದಕ್ಕೆ ಹೋಲಿಸಿದರೆ ಬಡವಾಗಿದೆ. ಶಿವರಾಮ ಕಾರಂತರು 1930ರಷ್ಟು ಹಿಂದೆಯೇ ‘ಭಾರತೀಯ ಚಿತ್ರಕಲೆ’ಯನ್ನು ಬರೆದರು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ಬಾಳಿದ ಕೆ. ಕೆ. ಹೆಬ್ಬಾರರು ರೇಖೆಯ ಲಯವನ್ನು ಅರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. ಹೆಬ್ಬಾರರು ಅಮೂರ್ತ ಪಂಥದವರಲ್ಲ. ಆದರೆ ಅವರ ಈ ನಡೆ ನಮ್ಮ ಪ್ರಾಚೀನ ಕಲಾಶಾಸ್ತ್ರದ ಒಂದು ಮಾತನ್ನು ಬದುಕಿ ತೋರಿಸಿದಂತಿದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರರಾಜನು ಪ್ರತಿಮಾರಚನೆಯ ವಿಧಿಯನ್ನು ಕೇಳಿದಾಗ ಮಾರ್ಕಂಡೇಯನು, ಚಿತ್ರವನ್ನರಿಯದೆ ಅದು ತಿಳಿಯದು, ನೃತ್ಯವನ್ನರಿಯದೆ ಚಿತ್ರ ತಿಳಿಯದು ಎಂದು ಒಂದೊಂದೇ ಕಲೆಗೆ ಹಿಂದಿರುಗುತ್ತ ಕೊನೆಗೆ ಗೀತಕ್ಕೆ ಹೋಗಿ ನಿಲ್ಲುತ್ತಾನೆ. ಚಿತ್ರದಲ್ಲಿ ಆಚಾರ್ಯರು ಮೆಚ್ಚುವುದು ರೇಖೆಯನ್ನು, ಇತರರು ಮೆಚ್ಚುವುದು ಅಲಂಕಾರವನ್ನೂ ಬಣ್ಣದ ಸಮೃದ್ಧಿಯನ್ನೂ ಎಂಬ ವಿವೇಚನೆಯೂ ಅದೇ ಗ್ರಂಥದ ಚಿತ್ರಸೂತ್ರದಲ್ಲಿದೆ. ಚಿತ್ರದ ವಿಷಯ ದೇವರೋ ರಾಜನೋ ಎಂಬುದಲ್ಲ, ಗೆರೆ ಹೇಗಿದೆ ಎಂಬುದೇ ಬಲ್ಲವರ ಪ್ರಶ್ನೆ. ಕೆಲಸದ ಮಾತಿಗೆ ನಮ್ಮಲ್ಲಿ ಪರಂಪರೆಯಿಲ್ಲವೆಂದು ಯಾರೂ ಹೇಳುವಂತಿಲ್ಲ.

ಸಂಗೀತದ ವಿಚಾರದಲ್ಲಿ ಈ ಪರಂಪರೆ ಇಂದಿಗೂ ಜೀವಂತವಾಗಿದೆ. ಮಲ್ಲಿಕಾರ್ಜುನ ಮನಸೂರರ ಆಲಾಪವನ್ನು ಕೇಳಿ ಅದರ ಅರ್ಥವೇನೆಂದು ಯಾರೂ ಕೇಳಲಿಲ್ಲ. ಷಡ್ಜ ಹೇಗೆ ನಿಂತಿತು, ರಾಗದ ಚಲನೆ ಎಲ್ಲಿ ತಿರುಗಿತು, ಸಮಕ್ಕೆ ಹೇಗೆ ಬಂದರು ಎಂದು ರಸಿಕರು ಮಾತಾಡುತ್ತಾರೆ. ಆಲಾಪವೂ ವಸ್ತುನಿರಪೇಕ್ಷವೇ ಅಲ್ಲವೆ? ಕಿವಿಗೆ ನಾವು ಕೊಟ್ಟ ಈ ಸ್ವಾತಂತ್ರ್ಯವನ್ನು ಕಣ್ಣಿಗೆ ಕೊಡದಿರುವುದಕ್ಕೆ ಕಾರಣ ಅಭ್ಯಾಸವಷ್ಟೇ.

7

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕೆಲಸದ ಮಾತೇ ಮುಖ್ಯವೆಂದರೆ ಕಲೆಯನ್ನು ಕುಶಲಕರ್ಮಕ್ಕೆ ಇಳಿಸಿದಂತಾಗಲಿಲ್ಲವೆ? ರೋಲರು ಅಲಗುಗಳ ವರ್ಣನೆಯಿಂದ ಚಿತ್ರದ ಅನುಭವ ದೊರೆಯುತ್ತದೆಯೆ? ದೊರೆಯುವುದಿಲ್ಲ. ಆದರೆ ದರ್ಶನದ ಪದಗಳಿಂದಲೂ ಅದು ದೊರೆಯದು. ಇವೆರಡಕ್ಕೆ ಭೇದವಿರುವುದು ದಿಕ್ಕಿನಲ್ಲಿ. ಶೂನ್ಯವೆಂಬ ಮಾತು ಕೇಳಿದ ಪ್ರೇಕ್ಷಕನು ಚಿತ್ರವನ್ನು ಬಿಟ್ಟು ತನಗೆ ತಿಳಿದ ವೇದಾಂತದ ಕಡೆಗೆ ತಿರುಗುತ್ತಾನೆ. ಕೆಳಗಿನ ಪದರು ಇಲ್ಲಿ ಮೇಲೆ ಬಂದಿದೆ ಎಂಬ ಮಾತು ಕೇಳಿದವನು ಚಿತ್ರದ ಕಡೆಗೇ ತಿರುಗಿ ಇನ್ನೊಮ್ಮೆ ನೋಡುತ್ತಾನೆ. ನೋಡುತ್ತ ನೋಡುತ್ತ ಅವನಿಗೆ ಶೂನ್ಯದ ಅನುಭವವೂ ಆಗಬಹುದು. ಆದರೆ ಅದು ಅವನೇ ಕಂಡುದಾಗಿರುತ್ತದೆ. ಧ್ವನಿಯನ್ನು ವಾಚ್ಯವಾಗಿ ಹೇಳಿಬಿಟ್ಟರೆ ಅದು ಧ್ವನಿಯಾಗಿ ಉಳಿಯದೆಂಬುದು ನಮ್ಮ ಕಾವ್ಯಮೀಮಾಂಸೆ ಎಂದೋ ಕಲಿಸಿದ ಪಾಠವಷ್ಟೆ.

ಕನ್ನಡ ವಿಮರ್ಶಕನಿಗೆ ಇಲ್ಲಿ ಒಂದು ಆಕರ್ಷಣೆಯೂ ಇದೆ. ವಚನಕಾರರ ‘ಬಯಲು’ ಎಂಬ ಪದವನ್ನು ಎತ್ತಿ ಗಾಯತೊಂಡೆಯವರ ಕ್ಯಾನ್ವಾಸಿಗೆ ತೊಡಿಸಿದರೆ ಒಂದು ಕ್ಷಣ ಎಲ್ಲವೂ ಬೆಳಗಿದಂತೆ ತೋರುತ್ತದೆ. ಆದರೆ ಅದು ಝೆನ್ನಿನ ಜಾಗಕ್ಕೆ ಅಲ್ಲಮನನ್ನು ತಂದು ಕೂರಿಸಿದಂತೆಯೇ ಹೊರತು ಚಿತ್ರವನ್ನು ನೋಡಿದಂತಲ್ಲ. ಆ ಪದ ನಮಗೆ ಉಪಯುಕ್ತವಾಗುವುದು ಅದರ ಎರಡನೆಯ ಮುಖದಿಂದ. ಬಯಲೆಂದರೆ ಊರಾಚೆಯ ತೆರೆದ ನೆಲವೂ ಹೌದು. ಕಾಲಿಟ್ಟು ನಡೆಯಬಹುದಾದದ್ದು, ಅಂಚೂ ಏರುತಗ್ಗೂ ಇರುವಂಥದು. ಆ ಅರ್ಥದಲ್ಲಿ ಚಿತ್ರದ ಬಯಲನ್ನು ಅಳೆಯಲು ಕಲಿತರೆ ಇನ್ನೊಂದು ಅರ್ಥ ತಾನಾಗಿ ಬರುತ್ತದೆ.

ಅದಕ್ಕೆ ಬೇಕಾದ ಮಾತುಗಳು ಕನ್ನಡದ ಮನೆಯಂಗಳದಲ್ಲಿಯೇ ಬಿದ್ದಿವೆ. ಬೆಳಗ್ಗೆ ಬಾಗಿಲು ಸಾರಿಸಿ ರಂಗವಲ್ಲಿ ಇಡುವ ಹೆಂಗಸರು ಎಷ್ಟು ಚುಕ್ಕಿ, ಎಷ್ಟು ಸಾಲು, ಎಳೆ ಎಲ್ಲಿ ತಿರುಗಬೇಕು, ಎಲ್ಲಿ ಕೂಡಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪುಡಿ ಬೆರಳ ಸಂದಿನಿಂದ ಒಂದೇ ಹದದಲ್ಲಿ ಇಳಿಯಬೇಕೆಂದು ಮಗಳಿಗೆ ತಾಯಿ ತೋರಿಸುತ್ತಾಳೆ. ಇದರ ಅರ್ಥವೇನೆಂದು ಮಗಳು ಕೇಳುವುದಿಲ್ಲ, ತಾಯಿಯೂ ಹೇಳುವುದಿಲ್ಲ. ಮುಂಬಯಿಯ ಚಾಳುಗಳ ಎರಡಡಿ ಹೊಸ್ತಿಲಿಗೂ ಆ ವಿದ್ಯೆ ಊರಿನಿಂದ ಬಂದಿತು. ನೆಲದ ಅಳತೆಗೆ ತಕ್ಕಂತೆ ಚುಕ್ಕಿಗಳು ಕಡಿಮೆಯಾದುವು, ಎಳೆ ಕೆಡಲಿಲ್ಲ. ಚುಕ್ಕಿ, ಎಳೆ, ಸಾಲು, ಹದ, ಪದರು, ಅಂಚು, ಬಿಡುವು ಎಂಬ ಇಂಥ ಮಾತುಗಳಿಂದ ಕನ್ನಡದಲ್ಲಿ ಚಿತ್ರವಿಮರ್ಶೆ ಆರಂಭವಾದರೆ, ಅಮೂರ್ತವೆಂಬ ಹೆಸರಿನ ತೊಡಕು ಅಷ್ಟಾಗಿ ಬಾಧಿಸದು. ಚಿತ್ರಕಾರನೂ ನಮ್ಮೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿಯಾನು. ಏಕೆಂದರೆ ಆಗ ಅವನನ್ನು ಕೇಳುವ ಪ್ರಶ್ನೆ ಇದರ ಅರ್ಥವೇನೆಂಬುದಾಗಿರುವುದಿಲ್ಲ, ಇದನ್ನು ಹೇಗೆ ಮಾಡಿದಿರಿ ಎಂಬುದಾಗಿರುತ್ತದೆ.